ಕೊನೆಯ ರೀಲು

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಮ್ಮ ಚಿನ್ನದ ಗಣಿಯ ಊರು ಉರಿಗಾಮಿನ ಅರ್ಧ ಜನ ಇವತ್ತಿಗೂ ನಂಬಿದ್ದಾರೆ. ಮಣ್ಣು ಬರುತ್ತದೆ. ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ನಾನು ಪ್ರೊಜೆಕ್ಟರ್ ಓಡಿಸುತ್ತಿದ್ದೆ, ಅಷ್ಟೆ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಪ್ರತಿ ವರ್ಷ ಒಂದೇ ಸಿನಿಮಾ, ಬಿಳಿಯರು ಬಿಟ್ಟುಹೋದದ್ದು. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದದ್ದಂತೆ. ಅದರ ದನಿ ಒಗ್ಗರಣೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಮೆಷಿನ್ ಪಕ್ಕ ನಿಂತು ನಾನೇ ಕತೆ ಹೇಳಬೇಕು. ಕನ್ನಡದಲ್ಲಿ ಶುರುಮಾಡಿ, ನಗು ಬರುವಲ್ಲಿ ತೆಲುಗಿಗೆ ಹಾರಿ, ಅಳು ಬರುವಲ್ಲಿ ತಮಿಳಿಗೆ ಇಳಿಯುತ್ತಿದ್ದೆ. ಹಿಮ ಬಿದ್ದರೆ ಮಕ್ಕಳು ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬದ ಬಿಳಿ ಧೂಳು ಹಾರುತ್ತಿದೆ ಎಂದುಕೊಳ್ಳುತ್ತಿದ್ದವು. ಡೊಳ್ಳುಹೊಟ್ಟೆಯ ಪಾದ್ರಿ ಕೇಕಿನ ಮೇಲೆ ಬೀಳುವಲ್ಲಿ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು, ನಾನು ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದೆ.

ಕತೆ ಏನಪ್ಪಾ ಅಂದರೆ, ಅದೂ ಒಂದು ಗಣಿಯ ಊರು. ಹಬ್ಬದ ಹಿಂದಿನ ದಿನ ಗಂಡ ಕೆಳಗಿಳಿದಾಗ ಗಣಿ ಕುಸಿಯುತ್ತದೆ. ಹೆಂಡತಿ ಕಿಟಕಿಯಲ್ಲಿ ದೀಪ ಇಟ್ಟು ಕಾಯುತ್ತಾಳೆ. ಕೊನೇ ರೀಲಿನಲ್ಲಿ ಅವನ ಹೆಣ ಮನೆಗೆ ಬರುತ್ತದೆ.

ಎಂಬತ್ತೊಂಬತ್ತರಲ್ಲಿ ನಮ್ಮ ಪಕ್ಕದ ಮನೆಯ ಸೀನಪ್ಪ ಹೋದ. ಕಾಮಸಮುದ್ರದ ಕಡೆಯ ರೈತರ ಮಗ, ಹೊಲ ಬಿಟ್ಟು ಆ ವರ್ಷವಷ್ಟೇ ಸಂಸಾರ ಸಮೇತ ಬಂದು ಗಣಿಗೆ ಸೇರಿದ್ದ. ಕೆಳಗೆ ಬಂಡೆ ಸಿಡಿದು ದಾರಿಯೇ ಮುಚ್ಚಿಹೋಯಿತು. ಹೆಣ ಸಿಗಲಿಲ್ಲ, ಸತ್ತನೆಂಬ ಕಾಗದ ಮಾತ್ರ ಬಂತು. ಅವನ ಹೆಂಡತಿ ಅಮ್ಮಾಜಮ್ಮ ಆ ಡಿಸೆಂಬರಿನಲ್ಲಿ ಆರು ವರ್ಷದ ಮಗ ಬಾಲಾಜಿಯ ಕೈಹಿಡಿದು ಮೊದಲ ಸಲ ಆ ಸಿನಿಮಾಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಳು.

ಕೊನೇ ರೀಲು ಏರಿಸಲು ನನಗೆ ಕೈ ಬರಲಿಲ್ಲ. "ರೀಲು ಕಿತ್ತೋಗೈತೆ, ಬಾಯಲ್ಲೇ ಏಳ್ತೀನಿ" ಅಂದೆ. ನನ್ನ ಬಾಯಲ್ಲಿ ಗಂಡ ಬದುಕಿ ಬಂದ. ಮೂರು ದಿನ ಕೈಯಲ್ಲೇ ಕಲ್ಲು ಸರಿಸಿ, ಮೈಯೆಲ್ಲ ಮಸಿ ಮಾಡಿಕೊಂಡು ಬಂದು ಬಾಗಿಲು ತಟ್ಟಿ, ಊಟ ತಣ್ಣಗಾಗಿದೆ ಎಂದು ಹೆಂಡತಿಯನ್ನು ಬೈದ. ಹಳೇ ಕೊನೆ ಗೊತ್ತಿದ್ದ ಜನವೂ ಶಿಳ್ಳೆ ಹಾಕಿದರು, ಆಮೇಲೂ ಅವಳೆದುರು ಯಾರೂ ಅದನ್ನು ಎತ್ತಲಿಲ್ಲ. ಅಮ್ಮಾಜಮ್ಮ ಶಿಳ್ಳೆ ಹಾಕಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮಾರನೆಯ ದಿನ ನಾನು ಆ ರೀಲನ್ನು ಪಾಳುಬಿದ್ದ ಒಂದು ಗುಂಡಿಗೆ ಎಸೆದು ಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು ನನ್ನ ಗತಿ. ಹನ್ನೊಂದನೆಯ ದಿನದ ಕರ್ಮ ಮಾಡದೆ ಬಿಟ್ಟಿದ್ದೀರಲ್ಲ ಎಂದು ನೆಂಟರು ಬೈದರೆ ಅಮ್ಮಾಜಮ್ಮ, "ಎಣ ತೋರ್ಸಿ, ಬಳೆ ಒಡೀತೀನಿ. ಪಿಚ್ಚರ್‌ನಾಗೆ ಅವ್ನು ಬರಲಿಲ್ವಾ?" ಅನ್ನುತ್ತಿದ್ದಳು. ಹುಚ್ಚಿಯಲ್ಲ ಅವಳು. ಹಿಡಿದುಕೊಳ್ಳಲು ಒಂದು ಬೇಕಿತ್ತು, ನಾನು ಕೊಟ್ಟೆ. ತಾಳಿ ತೆಗೆಯಲಿಲ್ಲ, ತಿಥಿ ಇಡಲಿಲ್ಲ, ಊರಿಗೆ ಹೋಗಿ ತವರಿನ ಆಸರೆಯಲ್ಲಿ ಇರಲೂ ಇಲ್ಲ. ಅವನು ಬಂದರೆ ಮನೆಗೆ ಬೀಗ ಇರಬಾರದಂತೆ. ಎಷ್ಟೋ ಸಲ ನಿಜ ಹೇಳಲು ಹೋಗಿ, ಅವಳು ಕೊಟ್ಟ ಕಾಫಿ ಕುಡಿದು ವಾಪಸ್ ಬಂದಿದ್ದೇನೆ. ಹೇಡಿ ನನ್ಮಗ ನಾನು.

ಗಣಿ ಮುಚ್ಚಿತು, ಪ್ರೊಜೆಕ್ಟರು ತುಕ್ಕು ಹಿಡಿಯಿತು. ಆಮೇಲೂ ಪ್ರತಿ ವರ್ಷ ಆ ಸಂಜೆ ಅವಳ ಮನೆಗೆ ಹೋಗಿ ಇಡೀ ಸಿನಿಮಾವನ್ನು ಬಾಯಲ್ಲೇ ಹೇಳುತ್ತಿದ್ದೆ. ಪಾದ್ರಿ ಬೀಳುವಲ್ಲಿ ನಾನೂ ಬಿದ್ದು ತೋರಿಸುತ್ತಿದ್ದೆ, ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಾಚಿಕೆಗೇಡು, ನನಗೂ ಖುಷಿಯಾಗುತ್ತಿತ್ತು.

ಈ ವರ್ಷ ಹೋದರೆ ಬಾಲಾಜಿಯ ಮಗಳು ನವ್ಯಶ್ರೀ ಅಜ್ಜಿಯ ಪಕ್ಕ ಫೋನ್ ಹಿಡಿದು ಕೂತಿದ್ದಾಳೆ. ಬಂಗಾರಪೇಟೆಯಲ್ಲಿ ಪಿಯುಸಿ ಓದುವ ಹುಡುಗಿ.

"ತಾತ, ನಿಮ್ ಪಿಚ್ಚರ್ ಸಿಕ್ತು. ಗಣಿ, ಕ್ರಿಸ್‌ಮಸ್, ಕೇಕಿನ ಮೇಲೆ ಬೀಳೋ ಪಾದ್ರಿ ಅಂತ ಉಡುಕ್ದೆ. ಪೂರ್ತಿ ಐತೆ, ಇನ್ನೇನ್ ಕಾಲುಗಂಟೆ ಉಳ್ದೈತೆ."

ಅದೇ ಚಟಪಟ ಸದ್ದು. ಕಿಟಕಿ, ದೀಪ.

"ಆಫ್ ಮಾಡಮ್ಮಿ, ನಾನ್ ಏಳ್ತೀನಿ. ಆ ಪುಟ್ಟ ಫೋನ್‌ನಾಗೆ ಅಜ್ಜಿಗೆ ಏನ್ ಕಾಣ್ತದೆ?"

"ಕಾಣ್ತದೆ ಬಿಡಣ್ಣ," ಅಂದಳು ಅಮ್ಮಾಜಮ್ಮ. "ಮೂವತ್ತಾರು ವರ್ಷದಿಂದ ಕೇಳ್ತಾವ್ನಿ. ಅವ್ನು ಬಾಗಿಲು ತಟ್ಟೋದ್ನ ಒಂದ್ಸಲ ಕಣ್ಣಾಗೆ ನೋಡ್ತೀನಿ."

ಫೋನ್ ಕಿತ್ತುಕೊಳ್ಳಬಹುದಿತ್ತು. ನಾನು ಬಾಗಿಲ ಬಳಿ ಕಂಬದ ಹಾಗೆ ನಿಂತೆ. ಪರದೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮಾಜಮ್ಮ ಮುಂದಕ್ಕೆ ಬಾಗಿದಳು. ನಾಲ್ಕು ಜನ ಹಲಗೆ ಹೊತ್ತು ಒಳಗೆ ಬಂದರು. ಹೆಂಡತಿ ಬಟ್ಟೆ ಸರಿಸಿ ಮುಖ ನೋಡಿದಳು. ಹೊರಗೆ ಮಕ್ಕಳು ಹಾಡುತ್ತಿದ್ದರು. ಅಷ್ಟೆ, ಮುಗಿಯಿತು.

"ಇದಲ್ಲ ಅಂತ ಕಾಣ್ತದೆ," ಅಂದಳು ನವ್ಯಶ್ರೀ ಗಾಬರಿಯಾಗಿ. "ತಾತ, ಇದು ಬೇರೆ ಪಿಚ್ಚರ್ ಅಲ್ವಾ?"

ಇನ್ನೊಂದು ಸುಳ್ಳಿಗೆ ದಾರಿ ತೆರೆದಿತ್ತು. ಅಮ್ಮಾಜಮ್ಮ ನನ್ನನ್ನೇ ನೋಡುತ್ತಿದ್ದಳು.

"ಅದೇ ಕಣಮ್ಮ," ಅಂದೆ.

"ನಿಂಗೆ ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಆವತ್ತೇ ತೋರ್ಸಿದ್ರೆ ಅತ್ತು ಮುಗಿಸ್ತಿದ್ದೆ," ಅಂದಳು. "ಆಗ ಇಪ್ಪತ್ತಾರು ವರ್ಷ ನಂಗೆ, ಶಕ್ತಿ ಇತ್ತು. ಈಗ ಅಳಕ್ಕೂ ಆಗಲ್ಲ."

ತಪ್ಪಾಯ್ತು ಅಂದೆ. ನವ್ಯಶ್ರೀ ಅಳುತ್ತಿದ್ದಳು, ಪಾಪ, ಅವಳದೇನು ತಪ್ಪು. ಕೊನೆಗೆ ಅಮ್ಮಾಜಮ್ಮ ಮೊಮ್ಮಗಳ ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

"ಬಾಲಾಜಿಗೆ ನೀನೇ ಏಳು. ಅವ್ರಪ್ಪ ಸತ್ತೋದ ಅಂತ ಏಳು."

ಬಾಲಾಜಿ ಬಂಗಾರಪೇಟೆ ಸ್ಟೇಷನ್ ಮುಂದೆ ಆಟೋ ಓಡಿಸುತ್ತಾನೆ. ಹಿಂದೆ ರೈಲಿನ ಗಲಾಟೆ. "ಏನ್ ಮಾವ?" ಅಂದ.

"ನಿಮ್ಮಪ್ಪ ಸತ್ತೋದ ಕಣ್ಲಾ," ಅಂದೆ.

ಮೂವತ್ತಾರು ವರ್ಷದ ಹಿಂದಿನ ಸುದ್ದಿ, ನಗುತ್ತಾನೇನೋ ಅಂದುಕೊಂಡೆ. ಅವನು ಆಟೋ ಆಫ್ ಮಾಡಿದ್ದು ಕೇಳಿಸಿತು.

"ಅವ್ವ ಒಪ್ಕಂಡ್ಲಾ ಮಾವ?" ಅಂದ.

ಹೂಂ ಅಂದೆ. ನಲವತ್ತೆರಡು ವರ್ಷದ ಗಂಡಸು, ನಡುರಸ್ತೆಯಲ್ಲಿ ಗೋಳೋ ಎಂದು ಅಳತೊಡಗಿದ.