ಕಂಟ್ರೋಲ್ ಸ್ಲೈಡ್

"ಎಂತ ಆಶಕ್ಕ, ಬಾಗಿಲಲ್ಲೇ ನಿಂತದ್ದು? ಬನ್ನಿ, ನೀವೂ ನೋಡಿ," ಎಂದ ರೋಶನ್, ಕೈಗವಸಿನೊಳಗೆ ಬೆರಳು ತೂರಿಸುತ್ತ.

ಅಕ್ಕನಂತೆ ಅಕ್ಕ! ಆ ಮಾತು ಕಿವಿಗೆ ಬಿದ್ದರೆ ಸಾಕು, ಆಶಾಲತಾಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮೂರು ವರ್ಷದ ಹಿಂದೆ ಅವಳ ಹೆಸರಿಗೆ ಮಸಿ ಬಳಿದ ದಿನವೂ ಅವನು ಹೀಗೇ ಬಾಯಿ ತುಂಬ ಅಕ್ಕ ಅಂದಿದ್ದ. ರಕ್ತದ ಟ್ಯೂಬುಗಳಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟು ಅವಳು ಒಳಗೆ ಬಂದು ಗೋಡೆಗೊರಗಿ ನಿಂತಳು. ಅವನು ಕರೆಯದಿದ್ದರೂ ಬರುವವಳೇ. ಅವನು ಬೀಳುವುದನ್ನು ಕಣ್ಣಾರೆ ನೋಡಬೇಕೆಂದೇ ತಿಂಡಿಯನ್ನೂ ಮುಟ್ಟದೆ ಕುವೈತಿನ ಅಬ್ಬಾಸಿಯಾದ ಮನೆಯಿಂದ ಮೊದಲ ವ್ಯಾನಿಗೆ ಹತ್ತಿ ಜಹ್ರಾದ ಈ ಕ್ಲಿನಿಕ್ಕಿಗೆ ಬಂದಿದ್ದಳು.

ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಫಸೀಲಾ ಮೈಕ್ರೋಸ್ಕೋಪಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಇನ್‌ಚಾರ್ಜ್ ಆಗಿದ್ದ ಹಿರಿಯರು ನಿವೃತ್ತರಾಗಿ ಊರಿಗೆ ಹೋಗಿದ್ದರು. ಆ ಕುರ್ಚಿ ರೋಶನ್‌ಗೆಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಉಳಿದದ್ದು ಒಂದೇ ಶಾಸ್ತ್ರ. ಹೊರಗಿನಿಂದ ಒಂದು ಗುಟ್ಟಿನ ಸ್ಯಾಂಪಲ್ ಬಂದಿತ್ತು. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಅವನು ಡಾಕ್ಟರ ಎದುರೇ ಬಣ್ಣ ಹಾಕಿ ಹೇಳಬೇಕಿತ್ತು. ತಪ್ಪು ಹೇಳಿದರೆ ಕುರ್ಚಿ ಹೋಯಿತು, ಜೊತೆಗೆ ಮರ್ಯಾದೆಯೂ.

ಈ ಬಣ್ಣ ಹಾಕುವ ಕೆಲಸ ಲ್ಯಾಬಿನವರಿಗೆ ಅಆಇಈ ಇದ್ದಂತೆ. ಗಾಜಿನ ಮೇಲೆ ಒಣಗಿಸಿದ ಸ್ಯಾಂಪಲ್ಲಿಗೆ ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಲ್ಲಿ ಒಂದು ತೊಳೆತ, ಕೊನೆಗೆ ಕೆಂಬಣ್ಣ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ತೊಳೆದರೂ ನೇರಳೆಯನ್ನು ಬಿಡುವುದಿಲ್ಲ; ತೆಳು ಗೋಡೆಯದು ಬಿಟ್ಟುಕೊಟ್ಟು ಗುಲಾಬಿಯಾಗುತ್ತದೆ. ರೋಗಿಗೆ ಯಾವ ಔಷಧ ಎಂಬುದು ಎಷ್ಟೋ ಸಲ ಆ ಬಣ್ಣದ ಮೇಲೆಯೇ ನಿಂತಿರುತ್ತದೆ. ನೇರಳೆಯನ್ನು ಗೋಡೆಯೊಳಗೆ ಕಟ್ಟಿಹಾಕುವುದು ಅಯೋಡಿನ್. ಅದು ಸತ್ವ ಕಳೆದುಕೊಂಡರೆ ದಪ್ಪ ಗೋಡೆಯದೂ ಗುಲಾಬಿಯಾಗಿ ಕಂಡು, ನೋಡಿದವರು ಮೋಸ ಹೋಗುತ್ತಾರೆ.

ನಿನ್ನೆ ಶುಕ್ರವಾರ ರಜೆಯ ಡ್ಯೂಟಿಯಲ್ಲಿ ಆಶಾಲತಾ ಒಬ್ಬಳೇ ಇದ್ದಳು. ಬಾಟಲಿಯ ಅಯೋಡಿನ್ನನ್ನು ಅಗಲದ ಗಾಜಿನ ಬಟ್ಟಲಿಗೆ ಸುರಿದು ಪಶ್ಚಿಮದ ಕಿಟಕಿಯಲ್ಲಿಟ್ಟಳು. ಕುವೈತಿನ ಜುಲೈ ಬಿಸಿಲಿಗೆ ಯಾರಾದರೂ ಕೆಲಸ ಹೇಳಿಕೊಡಬೇಕೇ? ಸಂಜೆಯ ಹೊತ್ತಿಗೆ ಕಡು ಕಷಾಯದಂತಿದ್ದದ್ದು ತೆಳು ಚಹಾದಂತಾಗಿತ್ತು. ಅದನ್ನೇ ಮತ್ತೆ ಬಾಟಲಿಗೆ ತುಂಬಿಸಿದಳು. ಕಂದು ಗಾಜಿನ ಬಾಟಲಿ, ಹೊರಗಿನಿಂದ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ರೋಗಿಗಳಿಗೆ ತೊಂದರೆಯಾಗಬಾರದೆಂದು ಒಳ್ಳೆಯದೊಂದು ಬಾಟಲಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದಳು. ಇವನ ಪರೀಕ್ಷೆ ಮುಗಿದ ಕೂಡಲೇ ಬದಲಾಯಿಸಿಬಿಟ್ಟರಾಯಿತು.

ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲವೇ? ಇಲ್ಲ, ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ಅವಳಿಗೆ ಕಣ್ಣೆದುರು ಬರುತ್ತಿದ್ದದ್ದು ಆ ಆಗಸ್ಟ್ ತಿಂಗಳು. ಟ್ಯಾಕ್ಸಿ ಡ್ರೈವರ್ ಒಬ್ಬನ ಮೊಣಕಾಲಿನಿಂದ ತೆಗೆದ ಕೀವಿನ ಸ್ಲೈಡ್ ಮಾಡಿದವನು ರೋಶನ್. ಗುಲಾಬಿ ಎಂದು ಬರೆದ. ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದಾಗ ನೇರಳೆಯದು ಎಂದು ಗೊತ್ತಾಯಿತು, ಆದರೆ ಅಷ್ಟರಲ್ಲಿ ತಪ್ಪು ಔಷಧ ಒಳಗೆ ಹೋಗಿ ಆಗಿತ್ತು. ಡ್ರೈವರನ ಕಾಲು ಮತ್ತೆ ಸರಿಯಾಗಿ ಮಡಚಲೇ ಇಲ್ಲ. ಸ್ಲೈಡ್ ಯಾರದು ಎಂದು ಡಾಕ್ಟರ್ ಕೇಳಿದಾಗ ರೋಶನ್ ಕಣ್ಣು ಕೂಡ ಮಿಟುಕಿಸಲಿಲ್ಲ. "ಆಶಕ್ಕ ಮಾಡಿದ್ದು ಡಾಕ್ಟ್ರೇ. ಪಾಪ, ಈ ಸೆಖೆಗೆ ತಲೆ ಓಡಿರಲಿಕ್ಕಿಲ್ಲ," ಎಂದ.

ಅವಳು ಅಲ್ಲವೆಂದು ಅತ್ತದ್ದೇ ಬಂತು. ಮೈಕ್ರೋಸ್ಕೋಪಿನಿಂದ ಎಬ್ಬಿಸಿ ಅವಳನ್ನು ರಕ್ತ ತೆಗೆಯುವ ಕೋಣೆಗೆ ಹಾಕಿದರು. ಸುದ್ದಿ ಅಬ್ಬಾಸಿಯಾದವರೆಗೂ ಹರಡಿತು. ತುಳುವರ ಪಿಕ್‌ನಿಕ್ಕಿನಲ್ಲಿ ಯಾರೋ, "ಆ ಡ್ರೈವರನ ಕಾಲು ಹಾಳು ಮಾಡಿದವಳು ಇವಳೇ ಅಂತೆ," ಅಂದದ್ದು ಅವಳ ಕಿವಿಗೇ ಬಿತ್ತು. ಗಂಡ ಕಾಂತಪ್ಪ ಸಾಧು ಮನುಷ್ಯ. "ಬಿಟ್ಟುಬಿಡು ಮಾರಾಯ್ತಿ. ಅವನಿಗೂ ಗಡಿಬಿಡಿಯಲ್ಲಿ ನೆನಪು ತಪ್ಪಿತೋ ಏನೋ," ಎಂದು ಸಮಾಧಾನ ಹೇಳುತ್ತಿದ್ದ. ಅವಳು ಬಿಡಲಿಲ್ಲ. ಆದರೂ ಒಮ್ಮೊಮ್ಮೆ, ನೆನಪು ತಪ್ಪಿದ್ದೇ ಇರಬಹುದೇ ಎಂಬ ಸಂಶಯ ಅವಳನ್ನೂ ಕಾಡದೆ ಇರುತ್ತಿರಲಿಲ್ಲ.

"ಸುರು ಮಾಡುವನಾ?" ಎಂದರು ಡಾಕ್ಟರ್ ಫಸೀಲಾ.

"ಒಂದು ನಿಮಿಷ ಡಾಕ್ಟ್ರೇ. ಮೊದಲು ಕಂಟ್ರೋಲ್," ಎಂದು ರೋಶನ್ ಫ್ರಿಜ್ಜಿನಿಂದ ಬೇರೊಂದು ಸ್ಲೈಡ್ ತೆಗೆದ.

ಇದನ್ನು ಆಶಾಲತಾ ಎಣಿಸಿಯೇ ಇರಲಿಲ್ಲ. ಕಂಟ್ರೋಲ್ ಎಂದರೆ ಮೊದಲೇ ಗೊತ್ತಿರುವ ಎರಡು ಬ್ಯಾಕ್ಟೀರಿಯಾಗಳ ಸ್ಲೈಡು. ಒಂದು ನೇರಳೆಯಾಗಲೇಬೇಕು, ಇನ್ನೊಂದು ಗುಲಾಬಿಯಾಗಲೇಬೇಕು. ಆಗದಿದ್ದರೆ ಬಣ್ಣಗಳಲ್ಲೇ ಏನೋ ಕೆಟ್ಟಿದೆ ಎಂದರ್ಥ. ಅವಳು ನೋಡಿದ್ದ ಕಾಲದಲ್ಲಿ ರೋಶನ್ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮಾಡಿದೆ ಎಂದು ಸಹಿ ಹಾಕಿ ಚಹಾಕ್ಕೆ ಹೋಗುವ ಆಸಾಮಿ. ಅವನ ಆ ಸೋಮಾರಿತನವನ್ನೇ ನಂಬಿ ಅವಳು ಬಲೆ ಹೆಣೆದಿದ್ದಳು.

ಅವನು ಒಂದೊಂದೇ ಬಣ್ಣ ಹನಿಸಿದ, ತೊಳೆದ, ಒತ್ತಿ ಒಣಗಿಸಿದ. ಎಣ್ಣೆಯ ಹನಿ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಸ್ಲೈಡನ್ನು ಆಚೆ ಸರಿಸಿದ, ಈಚೆ ಸರಿಸಿದ. ಕೊನೆಗೆ ತಲೆಯೆತ್ತಿ, "ನೀವೊಮ್ಮೆ ನೋಡಿ ಡಾಕ್ಟ್ರೇ," ಎಂದ.

"ಇದೆಂತ ಇದು, ಎಲ್ಲ ಪಿಂಕೇ ಉಂಟಲ್ಲ!"

"ಹೌದು. ಅಯೋಡಿನ್ ಸತ್ತಿದೆ."

"ಅಷ್ಟು ಬೇಗ ಹೇಗೆ ಗೊತ್ತಾಯ್ತು ನಿಮಗೆ?"

ರೋಶನ್ ನಕ್ಕ. ಪರೀಕ್ಷೆಗೆ ಮೊದಲೇ ಗೆದ್ದವನ ನಗು ಅದು. "ಪೆಟ್ಟು ತಿಂದವ ನಾನು. ಒಮ್ಮೆ ಎಸಿ ಹಾಳಾಗಿ ಎರಡು ದಿನ ಬೆಂದದ್ದು ನೆನಪುಂಟಲ್ಲ? ಆಗ ನನ್ನದೇ ಒಂದು ಸ್ಲೈಡ್ ಹೀಗೆ ಕೈಕೊಟ್ಟಿತ್ತು. ಅಯೋಡಿನ್ ಸೆಖೆಗೆ ಹೋದದ್ದು ಆಮೇಲೆ ಗೊತ್ತಾದದ್ದು. ಆವತ್ತಿನಿಂದ ದಿನಾ ಬೆಳಿಗ್ಗೆ ಕಂಟ್ರೋಲ್ ನೋಡದೆ ನಾನು ಕೂರುವುದೇ ಇಲ್ಲ."

"ಒಳ್ಳೆ ಅಭ್ಯಾಸ," ಎಂದು ಡಾಕ್ಟರ್ ಮೆಚ್ಚಿ ತಲೆದೂಗಿದರು.

ಗೋಡೆಯ ಬಳಿ ನಿಂತಿದ್ದ ಆಶಾಲತಾ ಲೆಕ್ಕ ಹಾಕಿದಳು. ಈ ಲ್ಯಾಬಿನಲ್ಲಿ ಎಸಿ ಹಾಳಾದದ್ದು ಒಂದೇ ಸಲ, ಆ ಆಗಸ್ಟಿನಲ್ಲಿ, ಡ್ರೈವರನ ಸ್ಲೈಡ್ ಬಂದ ವಾರ. ಹಾಗಾದರೆ ನೆನಪು ತಪ್ಪಿರಲಿಲ್ಲ. ಸ್ಲೈಡ್ ತನ್ನದೆಂದೂ ಗೊತ್ತಿತ್ತು, ಕೆಟ್ಟದ್ದು ಏಕೆಂದೂ ಗೊತ್ತಿತ್ತು. ಪಾಠ ಅವನು ಕಲಿತ, ಶಿಕ್ಷೆ ಅವಳು ಉಂಡಳು. ಕಲಿತ ಆ ಪಾಠದಿಂದಲೇ ಈಗ ಅವಳ ಬಲೆಯನ್ನೂ ದಾಟಿ, ಶಹಭಾಸ್ ಬೇರೆ ಅನ್ನಿಸಿಕೊಳ್ಳುತ್ತಿದ್ದ. ಅವನ ಕುತ್ತಿಗೆ ಹಿಸುಕಬೇಕೆನ್ನಿಸಿತು ಅವಳಿಗೆ.

"ಆದರೆ ಇದು ಹೊಸ ಬಾಟಲಿಯಲ್ವಾ? ಹೋದ ವಾರ ಮಾಡಿದ್ದು," ಎಂದು ಡಾಕ್ಟರ್ ಅದರ ಮೇಲಿನ ಚೀಟಿ ಓದಿದರು. "ಯಾರು ತಯಾರು ಮಾಡಿದ್ದು?"

ರೋಶನ್ ಮೂಲೆಯತ್ತ ನೋಡಿದ. ಅಲ್ಲಿ ಅಲಿಶಾ ಗಾಜು ತೊಳೆಯುತ್ತಿದ್ದಳು. ಉಡುಪಿಯ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕುವೈತಿನಲ್ಲೇ. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಇನ್ನೂ ಖಾಯಂ ಆಗಿರಲಿಲ್ಲ.

"ಅಲಿಶಾ," ಎಂದ ಅವನು, ಮೆತ್ತಗೆ. "ಪಾಪ, ಹೊಸಬಳು. ಬಿಸಿಲಿಗೆ ಎಲ್ಲಾದರೂ ಇಟ್ಟಿರಬೇಕು."

ಅದೇ ಪಾಪ. ಅದೇ ಬೆಣ್ಣೆಯಂಥ ಧ್ವನಿ.

"ನೋ ಮೇಡಂ, ಐ ಸ್ವೇರ್! ಕಪ್‌ಬೋರ್ಡ್ ಒಳಗೇ ಇಟ್ಟದ್ದು ನಾನು," ಅಲಿಶಾಳ ಕಣ್ಣು ತುಂಬಿತು.

"ಮತ್ತೆ ಅದು ತಾನಾಗಿ ಹೋಗಿ ಬಿಸಿಲು ಕಾಯಿಸಿತಾ?" ಡಾಕ್ಟರ ಧ್ವನಿ ಬಿಗಿಯಾಯಿತು. "ನೋಡು, ಇಂಥ ಅಜಾಗ್ರತೆ ಇದ್ದರೆ ಖಾಯಂ ಮಾಡಲಿಕ್ಕೆ ನಾನು ಹೇಗೆ ಬರೆಯುವುದು?"

ಬಾಯಿ ಮುಚ್ಚಿಕೊಂಡಿದ್ದರೆ ಆಶಾಲತಾಳಿಗೆ ಏನೂ ಆಗುತ್ತಿರಲಿಲ್ಲ. ಟ್ರೇ ಇಟ್ಟಾಗಿತ್ತು, ಹೊರಗೆ ಹೋಗಿ ಸೂಜಿ ಹಿಡಿದರಾಯಿತು. ಸಂಜೆಯೊಳಗೆ ಆ ಹುಡುಗಿಯ ಕೈಗೆ ಕೆಲಸದಿಂದ ತೆಗೆದ ಚೀಟಿ ಬರುತ್ತಿತ್ತು. ತನ್ನ ತಪ್ಪಿಗೆ ಇನ್ನೊಬ್ಬಳು ಅಳುತ್ತಿದ್ದಾಳೆ, ತಾನು ಸುಮ್ಮನೆ ನಿಂತಿದ್ದೇನೆ. ಹಾಗಾದರೆ ತನಗೂ ರೋಶನ್‌ಗೂ ಏನು ವ್ಯತ್ಯಾಸ? ಅವನಂತಾಗುವುದಕ್ಕಿಂತ ಅಸಹ್ಯ ಅವಳಿಗೆ ಬೇರೆ ಇರಲಿಲ್ಲ.

"ಅವಳು ಇಟ್ಟದ್ದಲ್ಲ ಡಾಕ್ಟ್ರೇ. ನಾನು," ಎಂದಳು.

ಮೂವರೂ ಅವಳತ್ತ ತಿರುಗಿದರು.

"ಶುಕ್ರವಾರ ಬಟ್ಟಲಿಗೆ ಹಾಕಿ ಬಿಸಿಲಿಗಿಟ್ಟೆ. ಬೇಕಂತಲೇ. ಇವತ್ತು ಇವರ ಬಣ್ಣ ಕೆಡಬೇಕು ಅಂತ."

"ಎಂತ ಹೇಳ್ತಾ ಇದ್ದೀರಿ ಆಶಾ? ತಲೆ ಸರಿ ಉಂಟಾ ನಿಮಗೆ?"

"ಉಂಟು. ನನ್ನನ್ನು ಇವತ್ತೇ ಕೆಲಸದಿಂದ ಖಲಾಸ್ ಮಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಕೇಳಿಯೇ ಹೋಗುವುದು." ಅವಳು ರೋಶನ್‌ನ ಮುಖವನ್ನೇ ನೋಡಿದಳು. "ಎಸಿ ಹಾಳಾದ ದಿನ ಕೈಕೊಟ್ಟದ್ದು ನಿಮ್ಮದೇ ಸ್ಲೈಡ್ ಅಂತ ಈಗಷ್ಟೇ ಹೇಳಿದಿರಿ. ಅದು ಯಾರ ಮೊಣಕಾಲಿನದ್ದು ರೋಶನ್? ಡಾಕ್ಟ್ರಿಗೆ ಹೇಳಿ."

ರೋಶನ್ ಕೈಗವಸು ಕಳಚಲು ಹೋದ. ಅದು ಬೆವರಿದ ಬೆರಳಿಗೆ ಅಂಟಿಕೊಂಡು ಅರ್ಧಕ್ಕೇ ನಿಂತಿತು.

"ಆಗಸ್ಟಿನಲ್ಲಲ್ವಾ ಅದು?" ಡಾಕ್ಟರ್ ಫಸೀಲಾ ನಿಧಾನವಾಗಿ ಸ್ಟೂಲಿನಿಂದ ಎದ್ದರು. "ಆ ಡ್ರೈವರನ ಕೇಸು. ರೋಶನ್?"

ಸ್ಟೂಲು ಖಾಲಿಯಾಗಿತ್ತು. ಆಶಾಲತಾ ಯಾರನ್ನೂ ಕೇಳದೆ ಹೋಗಿ ಅದರ ಮೇಲೆ ಕೂತಳು. ನಾಳೆ ಈ ಬಾಗಿಲು ಅವಳಿಗೆ ತೆರೆಯುತ್ತದೆಯೋ ಇಲ್ಲವೋ. ಮೈಕ್ರೋಸ್ಕೋಪಿನ ಎರಡು ಕಣ್ಣುಗಳನ್ನು ತನ್ನ ಕಣ್ಣಿನ ಅಳತೆಗೆ ಹೊಂದಿಸಿಕೊಂಡು, ಸಣ್ಣ ತಿರುಗಣೆಯನ್ನು ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿದಳು. ಮಸುಕಾಗಿದ್ದದ್ದು ತಿಳಿಯಾಯಿತು. ದುಂಡಗಿನವು ಗೊಂಚಲು ಗೊಂಚಲಾಗಿ, ಉದ್ದನೆಯವು ಚದುರಿಕೊಂಡು, ಎಲ್ಲವೂ ಒಂದೇ ಗುಲಾಬಿಯಲ್ಲಿದ್ದವು.

"ಡಾಕ್ಟ್ರೇ, ಅದು... ಆ ದಿನ ಎಂತಾಯ್ತು ಅಂದ್ರೆ..." ಬೆನ್ನ ಹಿಂದೆ ರೋಶನ್ ಹೇಳತೊಡಗಿದ. ಆಶಾಲತಾ ಅದನ್ನು ಎಳ್ಳಷ್ಟೂ ಕನಿಕರವಿಲ್ಲದೆ, ತಲೆಯೆತ್ತದೆ, ಕೊನೆಯವರೆಗೂ ಕೇಳಿಸಿಕೊಂಡಳು.