ಅಮ್ಮಣಿಯಕ್ಕನ ಜೋಗುಳದ ಫೈಲು

ಸೀತಾಂಗೋಳಿಯ ನನ್ನ ಡಿಟಿಪಿ ಅಂಗಡಿಗೆ ಬರುವವರಲ್ಲಿ ಎರಡೇ ಬಗೆ. ಮದುವೆ ಕಾಗದ ಮಾಡಿಸುವವರು ಒಂದು. ಒಂದೇ ಒಂದು ಜೆರಾಕ್ಸಿಗೆ ಬಂದು ಫ್ಯಾನಿನ ಕೆಳಗೆ ಕೂತು ಊರಿನ ಸುದ್ದಿಯೆಲ್ಲ ಬಿಚ್ಚುವವರು ಇನ್ನೊಂದು. ಅಶ್ಮಿತಾ ಈ ಎರಡಕ್ಕೂ ಸೇರಿದವಳಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದ ಆ ಹುಡುಗಿ ಕೇಳಿದ್ದು ನನ್ನ ಅಟ್ಟದ ಮೇಲಿನ ಹಳೇ ಕಂಪ್ಯೂಟರಿನ ಕಸ.

ಮಂಗಳೂರಿನ ಒಂದು ಕಾಲೇಜಿನವರು ಅವಳನ್ನು ಕಳಿಸಿದ್ದರು. ಈಗಿನ ಹಾಗೆ ಎಲ್ಲ ಕಂಪ್ಯೂಟರಿಗೂ ಒಂದೇ ಕನ್ನಡ ಎಂಬುದು ಮೊದಲು ಇರಲಿಲ್ಲ. ಫಾಂಟು ಮಾಡಿದವರು ಅಕ್ಷರಗಳಿಗೆ ತಮಗೆ ತೋಚಿದ ನಂಬರು ಕೊಡುತ್ತಿದ್ದರು. ಒಬ್ಬರ ಫಾಂಟಿನಲ್ಲಿ ‘ಕ’ ಆದ ನಂಬರು ಇನ್ನೊಬ್ಬರಲ್ಲಿ ‘ಮ’. ಆ ಫಾಂಟು ಇಲ್ಲದೆ ಫೈಲು ತೆರೆದರೆ ಕಾಣುವುದು ಕೋಳಿ ಕೆದಕಿದ ಹಾಗಿನ ಗೀಚು. ಯಾವ ಫಾಂಟಿನಲ್ಲಿ ಯಾವ ನಂಬರಿಗೆ ಯಾವ ಅಕ್ಷರ ಎಂದು ಗೊತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿದ್ದಾರೆ. ಅವರು ಪೂರ್ತಿ ಮುಗಿಯುವ ಮೊದಲು ಅದನ್ನೆಲ್ಲ ಬರೆದಿಡುವುದು ಅಶ್ಮಿತಾಳ ಕೆಲಸ. ಇಂಥದಕ್ಕೂ ಸಂಬಳ ಉಂಟು ಎಂದು ಕೇಳಿ ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಮೊದಲ ದಿನ ಅವಳನ್ನು ಹೆಚ್ಚು ಮಾತಾಡಿಸಲಿಲ್ಲ. ಮರುದಿನ ಹರಿಣಾಕ್ಷಿ ಬಾರದೇ ಇದ್ದರೆ ಎರಡು ಹಾಳೆ ತುಂಬಿಸಿ ಸಾಗಹಾಕುತ್ತಿದ್ದೆನೋ ಏನೋ.

ಹರಿಣಾಕ್ಷಿ ಪುತ್ತಿಗೆಯವಳು, ಇಲ್ಲೇ ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳ ಮಗಳು ಹೆತ್ತಿದ್ದಳು, ಬರುವ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ತೊಟ್ಟಿಲು ತೂಗಿ ಮೊದಲು ಹಾಡಬೇಕಾದವಳು ಅಜ್ಜಿ, ಅಂದರೆ ಹರಿಣಾಕ್ಷಿ. ಅವಳ ಅಮ್ಮ, ತೀರಿಹೋದ ಅಮ್ಮಣಿಯಕ್ಕ, ತಮ್ಮದೇ ಒಂದು ಜೋಗುಳ ಹಾಡುತ್ತಿದ್ದರು. ಅದರ ಮೊದಲ ನಾಲ್ಕು ಸಾಲು ಬಿಟ್ಟರೆ ಮುಂದಿನದು ಹರಿಣಾಕ್ಷಿಗೆ ಬಾರದು, ಊರಲ್ಲಿ ಬೇರೆ ಯಾರಿಗೂ ಬಾರದು. ಹಿಂದೆ ಮಹಿಳಾ ಸಂಘದವರು ಹಾಡುಗಳ ಪುಸ್ತಕ ಮಾಡುತ್ತೇವೆಂದು ಹೊರಟಾಗ ಅಮ್ಮಣಿಯಕ್ಕ ನನ್ನ ಅಂಗಡಿಗೇ ಬಂದು, ಪಕ್ಕದ ಸ್ಟೂಲಿನಲ್ಲಿ ಕೂತು ಹಾಡಿದ್ದರು. ನಾನು ಟೈಪ್ ಮಾಡಿದ್ದೆ. ಪುಸ್ತಕ ಬರಲೇ ಇಲ್ಲ.

“ಫೈಲು ಉಂಟಾ ಪಂಕಜಕ್ಕ? ಅದು ಸಿಗದಿದ್ರೆ ಭಾನುವಾರ ನಾನು ಮೊಬೈಲಲ್ಲಿ ಯಾರದ್ದೋ ಹಾಡು ಹಾಕಿ ತೂಗ್ಬೇಕು” ಎಂದಳು ಹರಿಣಾಕ್ಷಿ.

ಫೈಲು ಇತ್ತು. ಹೆಸರೂ ಸರಿಯಾಗಿತ್ತು. ತೆರೆದರೆ ಅದೇ ಕೋಳಿ ಕೆದಕಿದ್ದು. ಕಂಪ್ಯೂಟರ್ ಬದಲಿಸುವಾಗ ರಿಪೇರಿಯ ಗಣೇಶಪ್ರಸಾದ ನನ್ನ ಹಳೇ ಫೈಲುಗಳನ್ನೆಲ್ಲ ಬರೀ ಟೆಕ್ಸ್ಟ್ ಮಾಡಿ ಇಟ್ಟುಕೊಟ್ಟಿದ್ದ, ಹಾಗಿದ್ದರೆ ಎಲ್ಲಿ ಬೇಕಾದರೂ ತೆರೆಯಬಹುದು ಎಂದಿದ್ದ. ತೆರೆಯುವುದಕ್ಕೇನು, ಚೆನ್ನಾಗಿಯೇ ತೆರೆಯುತ್ತದೆ, ಓದಲಿಕ್ಕೆ ಮಾತ್ರ ಆಗುವುದಿಲ್ಲ. ಪುಣ್ಯಾತ್ಮ ಈಗ ಗಲ್ಫಿನಲ್ಲಿದ್ದಾನೆ, ಬೈಯಲಿಕ್ಕೂ ಸಿಗುವುದಿಲ್ಲ.

ಆಗ ಅಶ್ಮಿತಾಳ ಕೆಲಸಕ್ಕೆ ನಾನಾಗಿ ಕೂತೆ. ಹಳೇ ಫಾಂಟು ಅಟ್ಟದ ಸಿಡಿಯೊಂದರಲ್ಲಿ ಸಿಕ್ಕಿತು, ಆದರೆ ಅದನ್ನು ಹಾಕಿದರೂ ಫೈಲು ನೆಟ್ಟಗಾಗಲಿಲ್ಲ, ಕೀ ಒತ್ತಿದರೆ ಮಾತ್ರ ಅಕ್ಷರ ಬರುತ್ತಿತ್ತು. ನಾನು ಒಂದೊಂದೇ ಕೀ ಒತ್ತುವುದು, ಬಂದ ಅಕ್ಷರವನ್ನು ನಂಬರಿನ ಎದುರು ಅವಳು ಬರೆದುಕೊಳ್ಳುವುದು, ಒತ್ತಕ್ಷರಗಳಿಗೆ ಬೇರೆ, ಕೊಂಬು ದೀರ್ಘಗಳಿಗೆ ಬೇರೆ. ನಡುವೆ ಗಿರಾಕಿಗಳು ಬಂದರೆ ಜೆರಾಕ್ಸ್ ಮೆಶಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಓಡಿಸಿದೆ. ಪಟ್ಟಿ ಮುಗಿದ ಮೇಲೆ ಅವಳು ಅದನ್ನು ಕಂಪ್ಯೂಟರಿಗೆ ಕಲಿಸಿ ಅಮ್ಮಣಿಯಕ್ಕನ ಫೈಲು ಹಾಕಿದಳು.

‘ಜೋ ಜೋ ಬಾಲೆ, ಮಲ್ಲಿಗೆದ ಮಾಲೆ’ ಎಂದು ತುಳು ಹಾಡು ಚೊಕ್ಕ ಕನ್ನಡ ಅಕ್ಷರದಲ್ಲಿ ಎದ್ದು ಬಂತು. ಕೆಲಸಕ್ಕೆ ರಜೆ ಹಾಕಿ ಕಾದು ಕೂತಿದ್ದ ಹರಿಣಾಕ್ಷಿ ಪರದೆಯನ್ನೇ ಮುಟ್ಟಿ ನೋಡಿದಳು. ನಾಲ್ಕು ಸಾಲು ಸರಿಯಾಗಿ ಬಂದವು. ಐದನೆಯದರಿಂದ ಕೆಳಗೆ ‘ಖಠ’, ‘ಙೊ’, ‘ಝ್ಣೂ’ ಎಂದು ಬಾಯಲ್ಲಿ ಹೇಳಲಾಗದ ಸಾಮಾನುಗಳು. ಗೊತ್ತಿದ್ದ ನಾಲ್ಕು ಸಾಲಿಗೇ ಇಷ್ಟೆಲ್ಲ ಮಂಡೆಬೆಚ್ಚ ಮಾಡಿಕೊಂಡ ಹಾಗಾಯಿತು.

ಫೈಲು ಹಾಳಾಗಿದೆ, ಅಲ್ಲಿಗೆ ಕಥೆ ಮುಗಿಯಿತು ಎಂದು ನಾನು ತೀರ್ಪು ಕೊಟ್ಟೆ. ಇಷ್ಟು ಮಳೆಗಾಲ ಅಟ್ಟದಲ್ಲಿ ಕಳೆದದ್ದು, ಬೂಸ್ಟು ಹಿಡಿಯದೆ ಇರುತ್ತದಾ? ಹರಿಣಾಕ್ಷಿ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಅವಳ ಮುಖ ನೋಡಲಾಗದೆ ನಾನು ಪ್ರಿಂಟರಿಗೆ ಕಾಗದ ತುಂಬಿಸತೊಡಗಿದೆ. ನನಗೆ ದುಃಖವಾದರೆ ಮೊದಲು ಸಿಟ್ಟೇ ಬರುವುದು. ಆ ಸಿಟ್ಟು, ಇನ್ನೂ ಪರದೆಗೆ ಮೂಗು ಹಚ್ಚಿ ಕೂತಿದ್ದ ಅಶ್ಮಿತಾಳ ಮೇಲೆ ತಿರುಗಿತು.

“ಇನ್ನು ಎಂತ ನೋಡುದು ಮಾರಾಯ್ತಿ ಅದರಲ್ಲಿ?”

ಅವಳಿಗೆ ನನ್ನ ಸಿಟ್ಟು ತಾಗಲೇ ಇಲ್ಲ. “ಪಂಕಜಕ್ಕ, ಹಾಳಾದ ಫೈಲು ಪ್ರತಿ ಸಾಲಿನ ಕೊನೆಗೂ ಒಂದೇ ತರ ಹಾಳಾಗ್ತದಾ?” ಎಂದು ಬೆರಳು ತೋರಿಸಿದಳು.

ನೋಡಿದೆ. ಐದನೇ ಸಾಲಿನಿಂದ ಕೊನೆಯವರೆಗೆ ಎಲ್ಲ ಸಾಲಿನ ತುದಿಯಲ್ಲೂ ಅದೇ ಎರಡು ಪದ. ಹಾಡಿನ ಪಲ್ಲವಿ ನಿಲ್ಲುವ ಜಾಗದಲ್ಲೇ ನಿಂತಿದ್ದವು.

ಆ ಕಂಪ್ಯೂಟರಿನಲ್ಲಿ ಬೇರೆ ಯಾವ ಫಾಂಟುಗಳಿದ್ದವು ಎಂದು ಕೇಳಿದಳು. ಮಲಯಾಳದ್ದಿತ್ತು, ಇರದೆ ಮತ್ತೆ! ನಮ್ಮ ಗಡಿನಾಡಿನಲ್ಲಿ ಮದುವೆ ಕಾಗದವೆಂದರೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮಲಯಾಳ. ಪೇಟೆಯವರಿಗೆ ಒಂದು, ನೆಂಟರಿಗೆ ಒಂದು. ಒಂದೇ ಫೈಲಿನಲ್ಲಿ ಅರ್ಧಕ್ಕೆ ಫಾಂಟು ಬದಲಿಸಿ ಮುಂದುವರಿಯುವುದು ನನ್ನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಬದಲಿಸಿದ್ದು ನನಗೇ ಗೊತ್ತಾಗುತ್ತಿರಲಿಲ್ಲ. ಎರಡು ಫಾಂಟಿಗೂ ನಂಬರುಗಳು ಅವೇ. ಎಲ್ಲಿಯವರೆಗೆ ಕನ್ನಡ, ಎಲ್ಲಿಂದ ಮಲಯಾಳ ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಬರೀ ಟೆಕ್ಸ್ಟ್ ಮಾಡಿದಾಗ ಹಾರಿಹೋದದ್ದು ಆ ಹೆಸರೇ.

ತುಳು ಹಾಡಿಗೆ ಮಲಯಾಳ ಯಾಕೆ ಬರುತ್ತದೆ ಎಂದು ನಾನು ವಾದಕ್ಕೆ ನಿಂತೆ. ಬಾಗಿಲವರೆಗೆ ಹೋಗಿದ್ದ ಹರಿಣಾಕ್ಷಿ ತಿರುಗಿ ನಿಂತು, ಅಮ್ಮ ನೀಲೇಶ್ವರ ಕಡೆಯವರು, ತವರಿನ ಮಾತು ಮಲಯಾಳ ಎಂದಳು. ಮದುವೆಯಾಗಿ ಪುತ್ತಿಗೆಗೆ ಬಂದ ಮೇಲೆ ತುಳುವೇ ಆಡಿದ್ದು. ತವರಿಗೆ ಹೋದದ್ದು ತೀರ ಅಪರೂಪ, ಅಜ್ಜಿ ಸತ್ತ ಮೇಲೆ ಅದೂ ಇಲ್ಲ. ಮನೆಯಲ್ಲಿ ಅಮ್ಮನ ಬಾಯಲ್ಲಿ ಮಲಯಾಳ ಕೇಳಿದ ನೆನಪೇ ತನಗಿಲ್ಲ ಎಂದಳು.

ಆಮೇಲೆ ಮಲಯಾಳದ ಪಟ್ಟಿಗೂ ಕೂತೆವು. ಊಟದ ಹೊತ್ತು ದಾಟಿತು, ನಾನು ಗೊಣಗಿದೆ, ಹುಡುಗಿ ಬಿಸ್ಕತ್ತು ತಿನ್ನಿಸಿ ನನ್ನನ್ನು ಕೂರಿಸಿಕೊಂಡಳು. ಐದನೇ ಸಾಲಿನಿಂದ ಕೆಳಗಿನದು ಮಲಯಾಳವಾಗಿ ಬಿಚ್ಚಿಕೊಂಡಿತು. ಹರಿಣಾಕ್ಷಿ ಕಲಿತದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಾನೇ ಓದಿದೆ.

ಹೊಳೆ ದಾಟಲು ದೋಣಿ ಬಂದಿರಬಹುದು, ನಾಳೆ ಹೋಗೋಣ. ಅಮ್ಮ ಅಂಗಳದಲ್ಲಿ ಭತ್ತ ಹರಗಿ ಕಾಗೆ ಓಡಿಸುತ್ತಿರಬಹುದು, ನಾಳೆ ಹೋಗೋಣ. ನನ್ನ ಬಟ್ಟಲನ್ನು ಯಾರಿಗೂ ಕೊಟ್ಟಿರಲಿಕ್ಕಿಲ್ಲ, ನಾಳೆ ಹೋಗೋಣ. ಪ್ರತಿ ಸಾಲಿನ ಕೊನೆಗೂ ‘ನಾಳೆ ಪೋಕಾಂ’. ಟೈಪ್ ಮಾಡಿದವಳು ನಾನೇ. ಒಂದು ಅಕ್ಷರವೂ ನೆನಪಿರಲಿಲ್ಲ. ನಡುನಡುವೆ ಕೆಮ್ಮಿದ ಹಾಗೆ ಮಾಡಿ ಓದಿ ಮುಗಿಸಿದೆ.

ಹರಿಣಾಕ್ಷಿ ಅಳಲಿಲ್ಲ. ಮಲಯಾಳದ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿಕೊಡಲು ಹೇಳಿದಳು. ಅಶ್ಮಿತಾ ನನ್ನ ಫಾಂಟುಗಳ ಪಟ್ಟಿಯ ಕೆಳಗೆ, ಈ ಜಿಲ್ಲೆಯ ಫೈಲು ಉಳಿಸುವವರು ಅಕ್ಷರದ ಜೊತೆ ಫಾಂಟಿನ ಹೆಸರನ್ನೂ ಉಳಿಸಬೇಕು, ಇಲ್ಲವಾದರೆ ಎರಡು ಭಾಷೆಯ ಫೈಲು ಹಾಳಾದ ಫೈಲಿನಂತೆ ಕಾಣುತ್ತದೆ ಎಂದು ಬರೆದಳು. ನಾನು ಅದರ ಕೆಳಗೆ ಸಹಿ ಹಾಕಿದೆ.

ಭಾನುವಾರ ಪುತ್ತಿಗೆಗೆ ನಾನೂ ಹೋದೆ. ಮಗುವನ್ನು ತೊಟ್ಟಿಲಿಗೆ ಹಾಕಿ ಹರಿಣಾಕ್ಷಿ ಹಾಡಿದಳು. ಜೋ ಜೋ ಬಾಲೆಯಿಂದ ಸುರು ಮಾಡಿ ನಾಲ್ಕು ಸಾಲು ಹಾಡಿ ನಿಲ್ಲಿಸಿಬಿಟ್ಟಳು. ಹೆಂಗಸರು ಆರತಿ ಎತ್ತಿದರು, ಎಲ್ಲರೂ ಊಟಕ್ಕೆ ಎದ್ದರು. ನನ್ನ ಪಿತ್ತ ನೆತ್ತಿಗೇರಿತು. ನಾಲ್ಕೇ ಸಾಲಿಗಾಗಿಯಾದರೆ ಎರಡೆರಡು ಪಟ್ಟಿ ಮಾಡಲು ನಮಗೇನು ಹುಚ್ಚಾ? ಜನ ಖಾಲಿಯಾದ ಮೇಲೆ ತೊಟ್ಟಿಲ ಹತ್ತಿರ ಹೋಗಿ, ಉಳಿದದ್ದು ಯಾಕೆ ಹಾಡಲಿಲ್ಲ ಎಂದು ಕೇಳಿಯೇ ಬಿಟ್ಟೆ.

“ಉಳಿದದ್ದು ಮಗುವಿಗೆ ಹಾಡುದಲ್ಲ ಪಂಕಜಕ್ಕ” ಎಂದಳು ಅವಳು, ಹಗ್ಗ ಬಿಡದೆ. “ನಾಲ್ಕು ಸಾಲು ಆಗುವಾಗ ನಮಗೆಲ್ಲ ನಿದ್ದೆ ಬರ್ತಿತ್ತು. ಮತ್ತೆ ಅಮ್ಮ ಅವರಷ್ಟಕ್ಕೆ ಹಾಡಿದ್ದು. ಅಷ್ಟು ವರ್ಷದಲ್ಲಿ ಒಂದು ರಾತ್ರಿ ಆದ್ರೂ ನಾನು ಎಚ್ಚರ ಇರ್ಬೇಕಿತ್ತು.”

ಅವಳು ಬಗ್ಗಿ ಮಗುವಿನ ಕಣ್ಣು ಮುಚ್ಚಿದೆಯೇ ಎಂದು ನೋಡಿದಳು. ಆಮೇಲೆ ಸೆರಗಿನಿಂದ ಕಾಗದ ತೆಗೆದು, ತಪ್ಪಿದಲ್ಲಿ ನಿಂತು, ಮತ್ತೆ ಹಿಡಿದು, ಸಣ್ಣ ಸ್ವರದಲ್ಲಿ ಐದನೇ ಸಾಲಿನಿಂದ ಹಾಡತೊಡಗಿದಳು. ಹೊರಗೆ ಊಟಕ್ಕೆ ಕರೆಯುತ್ತಿದ್ದರು. ನಾನು ಹೋಗದೆ ಅಲ್ಲೇ ಚಾಪೆಯ ಮೇಲೆ ಕೂತು ಪೂರ್ತಿ ಕೇಳಿದೆ.