ನಾಳೆ ನಾನೇ ಬರ್ತೇನೆ

ಭವ್ಯಶ್ರೀ ಬಲಗೈಯಲ್ಲಿ, ಉಡಿಸುತ್ತಿದ್ದ ಸೀರೆಯ ನೆರಿಗೆ ಹಿಡಿದಿದ್ದಳು, ಎಡಗೈಯಲ್ಲಿ ಫೋನು. ಮೆಲ್ಬರ್ನಿನ ಹತ್ತಿರದ ಡ್ಯಾಂಡಿನಾಂಗಿನ ಫ್ಯೂನರಲ್ ಹೋಮಿನ ಹಿಂದಿನ ಕೋಣೆ ಫ್ರಿಜ್ಜಿನಷ್ಟು ತಣ್ಣಗಿತ್ತು. ಮೇಜಿನ ಮೇಲೆ ಜಲಜಾ ಮಲಗಿದ್ದರು. ತೀರಿಕೊಂಡು ಮೂರು ದಿನವಾಗಿತ್ತು.

"ಆ ಫೋನ್ ಒಮ್ಮೆ ಆಚೆ ಇಡು ಮಾರಾಯ್ತಿ," ಎಂದಳು ಜಲಜಾರ ಮಗಳು ನಿರೀಕ್ಷಾ. "ಎರಡೂ ಕೈ ಬೇಕು ಇದಕ್ಕೆ."

"ಜಯೇಶ್ ಮೆಸೇಜ್ ಬಂದ್ರೆ?"

"ಬಂದ್ರೆ ಅಲ್ಲೇ ಇರ್ತದೆ. ಓಡಿ ಹೋಗುದಿಲ್ಲ."

ಭವ್ಯಶ್ರೀಯ ಗಂಡ ಜಯೇಶ್ ಇಲ್ಲಿಯ ನೇವಿಯಲ್ಲಿ ಮೆಕ್ಯಾನಿಕ್. ಜಲಜಾರ ಅಕ್ಕನ ಮಗ. ಓದಲು ಬಂದವನನ್ನು ಜಲಜಾ ಗ್ಲೆನ್ ವೇವರ್ಲಿಯ ತಮ್ಮ ಮನೆಯಲ್ಲಿ ಆರು ವರ್ಷ ಇಟ್ಟುಕೊಂಡಿದ್ದರು. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ದಿನವಿಡೀ ಪ್ಯಾಕಿಂಗ್ ಮಾಡಿ ಬಂದು, ಅವನಿಗೆ ಬಿಸಿ ಗಂಜಿ ಬಡಿಸಿ ಆಮೇಲೆ ತಾವು ಕೂರುತ್ತಿದ್ದರು. ಮದುವೆಯಾದ ನಾಲ್ಕೇ ತಿಂಗಳಿಗೆ ಅವನ ಹಡಗು ಸಿಡ್ನಿ ಬಿಟ್ಟಿತು. ಬ್ಲ್ಯಾಕ್‌ಟೌನಿನ ಪುಟ್ಟ ಫ್ಲ್ಯಾಟಿನಲ್ಲಿ ಭವ್ಯಶ್ರೀ ಒಬ್ಬಳೇ ಉಳಿದಳು. ಹಡಗು ಎಲ್ಲಿದೆ ಎಂದು ಕೇಳುವಂತಿಲ್ಲ. ಯಾವಾಗ ಬರುತ್ತದೆ ಎಂದರೆ ಹೇಳುವವರಿಲ್ಲ. ಯುದ್ಧ ಗಿದ್ಧ ಏನೂ ಇರಲಿಲ್ಲ, ಆದರೂ ಕಾಯುವವಳಿಗೆ ಅದರಿಂದೇನು ಸಮಾಧಾನ? ಆಗೊಮ್ಮೆ ಈಗೊಮ್ಮೆ ಬರುವ ಮೆಸೇಜೇ ಅವಳ ಸಂಸಾರವಾಗಿತ್ತು.

ಅದೂ ಒಂದು ವಾರದಿಂದ ನಿಂತಿತ್ತು. ಅವಳಿಗೊಬ್ಬಳಿಗಲ್ಲ, ಆ ಹಡಗಿನವರೆಲ್ಲರ ಹೆಂಡಿರಿಗೂ. ಹಡಗಿನಲ್ಲಿ ಯಾರಿಗಾದರೂ ಏನಾದರೂ ಆದರೆ ಎಲ್ಲರ ಫೋನೂ ಬಂದ್ ಮಾಡುತ್ತಾರಂತೆ. ಆ ಒಬ್ಬನ ಮನೆಗೆ ಇಬ್ಬರು ಹೋಗಿ ವಿಷಯ ತಿಳಿಸಿ, ಕೆಲವು ದಿನ ಕಳೆದ ಮೇಲೆಯೇ ಮತ್ತೆ ಬಿಡುತ್ತಾರಂತೆ. ಜಯೇಶನ ಜೊತೆಯವನ ಹೆಂಡತಿ ಎಮ್ಮಾ ಇದನ್ನು ಹೇಳಿದ ದಿನದಿಂದ ಭವ್ಯಶ್ರೀ ಕಾಲಿಂಗ್ ಬೆಲ್ ಕೇಳಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಕೊರಿಯರಿನವನು ಬಂದಾಗ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಳು.

*

ಮಂಗಳವಾರ ಸಂಜೆ ಜಲಜಾ ಫೋನ್ ಮಾಡಿದ್ದರು.

"ಊಟ ಆಯ್ತಾ?"

"ಈಗ ಆರು ಗಂಟೆ ಅಷ್ಟೇ ಚಿಕ್ಕಮ್ಮ."

"ಆದ್ರೂ ಮಾಡು. ಹೊಟ್ಟೆ ಖಾಲಿ ಇಟ್ಕೊಳ್ಬೇಡ."

"ನಿಮಗೆ ಜಯೇಶಂದು ಏನಾದ್ರೂ ಬಂತಾ?"

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

"ನಾಳೆ ನಾನೇ ಬರ್ತೇನೆ ಮಗಾ. ಬೆಳಗ್ಗಿನ ಫ್ಲೈಟ್ ಬುಕ್ ಮಾಡಿದ್ದೇನೆ. ಬಂದು ಮಾತಾಡುವ."

ವಿಮಾನವೆಂದರೆ ಜಲಜಾರಿಗೆ ಜೀವಭಯ. ಇವರ ಮದುವೆಗೂ ಮೆಲ್ಬರ್ನಿನಿಂದ ಹನ್ನೊಂದು ಗಂಟೆ ರೈಲಿನಲ್ಲಿ ಕೂತೇ ಬಂದಿದ್ದರು. ತಾನು ಒಂಟಿಯಾಗಿದ್ದೇನೆಂದು ಅವರ ಮನಸ್ಸು ಕರಗಿತು ಎಂದುಕೊಂಡು ಭವ್ಯಶ್ರೀ ಹಿಗ್ಗಿದಳು. ಅಂಗಡಿಗೆ ಹೋಗಿ ಕುಚ್ಚಲಕ್ಕಿ ತಂದಿಟ್ಟಳು.

ಬುಧವಾರ ಬೆಳಗ್ಗೆ ನಿರೀಕ್ಷಾ ಅಮ್ಮನನ್ನು ಏರ್‌ಪೋರ್ಟಿಗೆ ಬಿಡಲೆಂದು ಹೋದಳು. ಜಲಜಾ ಸೋಫಾದಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ಹಾರ್ಟ್ ಅಟ್ಯಾಕ್.

*

"ನಿನಗೆ ನಾನು ಫೋನಲ್ಲಿ ಹೇಳ್ಬಾರ್ದಿತ್ತು," ಎಂದಳು ನಿರೀಕ್ಷಾ, ಅಮ್ಮನ ಸೆರಗು ಸರಿಮಾಡುತ್ತ. "ಅಮ್ಮ ಯಾವತ್ತೂ ಹಾಗೆ ಮಾಡ್ಲಿಲ್ಲ. ಅಪ್ಪ ಹೋದಾಗ ಬಸ್ ಹತ್ತಿ ನನ್ನ ಕಾಲೇಜಿಗೇ ಬಂದ್ರು. ಕ್ಯಾಂಟೀನಲ್ಲಿ ಕೂರಿಸಿ ಊಟ ಮಾಡಿಸಿದ್ರು, ಆಮೇಲೆ ಹೇಳಿದ್ರು. ಇಂಥ ಸುದ್ದಿ ಎದುರು ಕೂತೇ ಹೇಳ್ಬೇಕು, ಹಸಿದವರಿಗೆ ಹೇಳ್ಬಾರ್ದು ಅಂತ ಅವರದ್ದು."

ಪೆಟ್ಟಿಗೆಯನ್ನು ಹಾಲಿಗೆ ತಂದಿಟ್ಟರು. ನಲವತ್ತು ಜನ ಸೇರಿದ್ದರು, ಹೆಚ್ಚಿನವರು ಫ್ಯಾಕ್ಟರಿಯ ಹಳೆಯ ಗೆಳತಿಯರು. ಅಷ್ಟರಲ್ಲಿ ಫೋನು ನಡುಗಿತು. ಎಮ್ಮಾಳ ಮೆಸೇಜು: ಹಡಗಿನ ಫೋನ್ ಬಿಟ್ಟಿದ್ದಾರೆ, ನನ್ನವನು ಮಾತಾಡಿದ, ನಿನ್ನವನು?

ಭವ್ಯಶ್ರೀ ಸಿಡ್ನಿಯ ತನ್ನ ಮನೆಯ ಬಾಗಿಲ ಕ್ಯಾಮೆರಾದ ವಿಡಿಯೋಗಳನ್ನೆಲ್ಲ ಫೋನಿನಲ್ಲಿ ತಿರುವಿ ಹಾಕಿದಳು. ವಾರದಲ್ಲಿ ಬಂದವನು ಆ ಕೊರಿಯರಿನವನೊಬ್ಬನೇ. ಹಾಗಾದರೆ ಇಬ್ಬರು ಹೋದದ್ದು ಬೇರೆ ಯಾರದೋ ಮನೆಗೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಹೆಣದ ಪಕ್ಕದಲ್ಲಿ ನಿಂತು ನಗು ಬಂದೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಇನ್ನೊಬ್ಬ ಹೆಂಗಸು ನೆನಪಾಗಿ ನಾಚಿಕೆಯೂ ಆಯಿತು. ಜಯೇಶ್ ಡ್ಯೂಟಿಯಲ್ಲಿರಬೇಕು, ಮುಗಿದ ಕೂಡಲೇ ಫೋನ್ ಮಾಡುತ್ತಾನೆ.

ಜಲಜಾರ ಎದುರು ಮನೆಯ ಶೇಖರಪ್ಪ ಹತ್ತಿರ ಬಂದರು. ದಾವಣಗೆರೆಯವರು, ರಿಟೈರಾದವರು, ಬೀದಿಯಲ್ಲಿ ಬೆಕ್ಕು ದಾಟಿದರೂ ಅವರಿಗೆ ಗೊತ್ತಾಗುತ್ತಿತ್ತು.

"ಜಯೇಶಂಗೆ ಬರಾಕಾಗ್ಲಿಲ್ಲ ಏನವ್ವಾ?"

"ಹಡಗಲ್ಲಿದ್ದಾರೆ ಅಂಕಲ್. ವಿಷಯ ಅವರಿಗಿನ್ನೂ ಗೊತ್ತಿಲ್ಲ."

"ಅಲ್ಲ, ಮಂಗಳವಾರ ನೇವಿಯೋರು ಇಬ್ರು ಜಲಜಮ್ಮನ ಮನಿಗೆ ಬಂದಿದ್ರಲ್ಲ, ಯೂನಿಫಾರ್ಮ್ ಹಾಕ್ಕಂಡು. ಹುಡುಗನ ರಜಾದ ವಿಚಾರ ಇರ್ಬೇಕು ಅಂದ್ಕಂಡೆ. ಅವ್ರು ಹೋದ್ಮೇಲೆ ಜಲಜಮ್ಮ ಬಹಳ ಹೊತ್ತು ಬಾಗಲ್ದಾಗೇ ನಿಂತಿದ್ರು. ಕೈ ಎತ್ತಿದೆ, ನೋಡ್ಲಿಲ್ಲ."

ಹೊರಡುವ ದಿನ ಜಯೇಶ್ ನಗುತ್ತ ಹೇಳಿದ್ದ. ನೇವಿಯ ಫಾರ್ಮಿನಲ್ಲಿ ಹತ್ತಿರದ ಸಂಬಂಧಿ ಎಂದು ಇನ್ನೂ ಚಿಕ್ಕಮ್ಮನ ಹೆಸರೇ ಇದೆ, ಮದುವೆಯ ಕಾಗದ ಕೊಟ್ಟಿಲ್ಲ, ಬಂದ ಮೇಲೆ ನಿನ್ನ ಹೆಸರು ಹಾಕಿಸಿದರಾಯಿತು, ಅವಸರವೇನು ಎಂದಿದ್ದ. ಅವಳೂ ಅವಸರವೇನು ಎಂದೇ ನಕ್ಕಿದ್ದಳು. ಚಿಕ್ಕಮ್ಮ ಊಟದ ಮಾತು ಯಾಕೆ ಎತ್ತಿದರು, ಹೆದರಿಕೆ ಬಿಟ್ಟು ವಿಮಾನ ಯಾಕೆ ಬುಕ್ ಮಾಡಿದರು ಎಂಬುದು ಅವಳಿಗೆ ಈಗ ತಿಳಿಯಿತು.

"ಬಾಯಿಗೆ ನೀರು ಬಿಡುವವರು ಬನ್ನಿ," ಪುರೋಹಿತರು ಕರೆದರು.

ಮೊದಲು ನಿರೀಕ್ಷಾ ಬಿಟ್ಟಳು. ಆಮೇಲೆ ಉದ್ಧರಣೆಯನ್ನು ಭವ್ಯಶ್ರೀಯ ಕೈಗೆ ಕೊಟ್ಟಳು. ಭವ್ಯಶ್ರೀ ಪೆಟ್ಟಿಗೆಯ ಮೇಲೆ ಬಾಗಿ ತುಳಸಿಯ ನೀರನ್ನು ಜಲಜಾರ ತುಟಿಗೆ ಹಿಡಿದಳು.

"ಹೇಳಿ ಚಿಕ್ಕಮ್ಮ," ಎಂದಳು ಮೆಲ್ಲಗೆ.

ಮುಚ್ಚಿದ ತುಟಿಯ ಮೇಲೆ ನೀರು ಒಂದು ಕ್ಷಣ ನಿಂತು, ಕೆನ್ನೆಯ ಮೇಲಿಂದ ಕಿವಿಯ ಕಡೆಗೆ ಹರಿದುಹೋಯಿತು. ಅವಳು ಇನ್ನೊಮ್ಮೆ ತುಂಬಿ ಬಿಟ್ಟಳು. ಮತ್ತೊಮ್ಮೆ ಬಿಟ್ಟಳು. ಹಿಂದೆ ಸಾಲಿನಲ್ಲಿ ನಿಂತವರು ಕಾದರು.